ನಿಮಗಿದು ಗೊತ್ತೆ? ಹೆಸರಾದ ನಾಡಿನಲ್ಲೇ ಅಪರೂಪ

ಪ್ರಾಚೀನ ಈಜಿಪ್ಟಿನವರಿಗೆ ಬರೆಯುವ ಹಾಳೆ ಕೊಟ್ಟ ಪಪೈರಸ್, ಜೌಗಿನಲ್ಲಿ ಎರಡಾಳೆತ್ತರ ಬೆಳೆಯುವ ಜೇಕು. ನಮ್ಮ ಹೊಲದ ಕಳೆ ಕೊನ್ನಾರಿಯ ಕುಲದ್ದೇ. ಮುಮ್ಮೂಲೆ ದಂಟಿನ ಹಸಿರು ಸಿಪ್ಪೆ ಸುಲಿದು, ಬಿಳಿ ತಿರುಳನ್ನು ಪಟ್ಟಿಪಟ್ಟಿಯಾಗಿ ಸೀಳಿ, ಒಂದರ ಮೇಲೊಂದು ಅಡ್ಡಡ್ಡ ಹಾಸಿ ಒತ್ತಿ ಒಣಗಿಸಿದರೆ ಹಾಳೆ ಸಿದ್ಧ.

ಜೀವಿಗಳ ಅಳಿವಿನ ಅಪಾಯ ಅಳೆಯುವ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಈ ಗಿಡಕ್ಕೆ ‘ಕನಿಷ್ಠ ಆತಂಕ’ದ ದರ್ಜೆ. ವಿಕ್ಟೋರಿಯಾ ಸರೋವರದ ಅಂಚು, ದಕ್ಷಿಣ ಸುಡಾನಿನ ಸುಡ್ ಜೌಗು, ಬೋಟ್ಸ್ವಾನಾದ ಒಕವಾಂಗೊ ಎಲ್ಲೆಡೆ ದಟ್ಟವಾಗಿರುವಾಗ ಆತಂಕವೇಕೆ? ಆದರೆ ಅದು ಜಗತ್ತಿನ ಒಟ್ಟು ಲೆಕ್ಕ. ಈಜಿಪ್ಟಿನಲ್ಲೇ ಕಾಡು ಪಪೈರಸ್ ಅಳಿದುಹೋಯಿತೆಂದು ನಂಬಲಾಗಿತ್ತು. 1968ರಲ್ಲಿ ವಾದಿ ನಟ್ರೂನ್ ತಗ್ಗಿನಲ್ಲಿ ಒಂದಿಷ್ಟು ಸಿಕ್ಕಿತು. ಪ್ರವಾಸಿಗರು ಈಜಿಪ್ಟಿನಲ್ಲಿ ಕೊಳ್ಳುವ ಅಸಲಿ ಹಾಳೆಯೆಲ್ಲ ನೆಟ್ಟು ಬೆಳೆಸಿದ ಗಿಡದ್ದು. ಬಾಳೆನಾರಿನ ನಕಲಿಯೂ ಉಂಟು, ನೋಡಿ ಕೊಳ್ಳಿ.