ಘನವಸ್ತುಗಳ ಮಿಶ್ರಣವನ್ನು ಬೇರ್ಪಡಿಸುವ ವಿಧಾನಗಳು

1998ರಲ್ಲಿ ದೆಹಲಿಯಲ್ಲಿ ಕಲಬೆರಕೆಯ ಸಾಸಿವೆ ಎಣ್ಣೆಯನ್ನು ಬಳಸಿದ ಅನೇಕರು ಡ್ರಾಪ್ಸಿ ಎಂಬ ರೋಗಕ್ಕೆ ತುತ್ತಾದರು. 60ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಆ ಎಣ್ಣೆಯಲ್ಲಿ ಆರ್ಜಿಮೋನ್ ಎಂಬ, ಹಳದಿ ಹೂ ಬಿಡುವ ಮುಳ್ಳುಗಿಡದ ಬೀಜದ ವಿಷಯುಕ್ತ ಎಣ್ಣೆ ಬೆರೆತಿತ್ತು. ಇಂತಹ ಬೀಜವು ಸಾಸಿವೆಯೊಡನೆ ಸೇರಿದ್ದರೆ ಬೇರ್ಪಡಿಸುವ ಬಗೆ ಹೇಗೆ? ರಸಾಯನಶಾಸ್ತ್ರದ ಪ್ರಾಥಮಿಕ ಪಾಠವೊಂದು ಇದಕ್ಕೆ ಉತ್ತರ ನೀಡುತ್ತದೆ.

ಮಿಶ್ರಣದಲ್ಲಿರುವ ಪ್ರತಿಯೊಂದು ಘಟಕವೂ ತನ್ನ ಗುಣವನ್ನು ಉಳಿಸಿಕೊಂಡಿರುತ್ತದೆ. ಘಟಕಗಳು ಯಾವ ಗುಣದಲ್ಲಿ ಭಿನ್ನವಾಗಿವೆಯೆಂದು ಮೊದಲು ಕಂಡುಕೊಳ್ಳಬೇಕು. ಆ ಭಿನ್ನತೆಯೇ ವಿಧಾನವನ್ನು ಸೂಚಿಸುತ್ತದೆ. ಕಾಳು ಭಾರ, ಹೊಟ್ಟು ಹಗುರ. ಆದುದರಿಂದ ಗಾಳಿಗೆ ತೂರುತ್ತೇವೆ. ಕಣಗಳ ಗಾತ್ರ ಬೇರೆಯಾಗಿದ್ದರೆ ಜರಡಿ ಹಿಡಿಯುತ್ತೇವೆ. ಚಹಾ ಪುಡಿಯಲ್ಲಿ ಕಬ್ಬಿಣದ ಪುಡಿ ಬೆರೆತಿದ್ದರೆ ಅಯಸ್ಕಾಂತವನ್ನು ಆಡಿಸಿದೊಡನೆ ಅದು ಅಂಟಿಕೊಳ್ಳುತ್ತದೆ.

ಹಲವು ಘಟಕಗಳಿದ್ದಾಗ ಅನುಕ್ರಮವೂ ಮುಖ್ಯ. ಕಬ್ಬಿಣದ ಪುಡಿ, ನವಸಾಗರ, ಉಪ್ಪು ಮತ್ತು ಮರಳಿನ ಮಿಶ್ರಣವನ್ನು ತೆಗೆದುಕೊಳ್ಳೋಣ. ಮೊದಲು ಅಯಸ್ಕಾಂತದಿಂದ ಕಬ್ಬಿಣವನ್ನು ತೆಗೆಯಬೇಕು. ಉಳಿದುದನ್ನು ಪಿಂಗಾಣಿ ಬಟ್ಟಲಿನಲ್ಲಿಟ್ಟು, ಆಲಿಕೆಯನ್ನು ಬೋರಲಾಗಿ ಮುಚ್ಚಿ ಕಾಯಿಸಿದರೆ, ನವಸಾಗರವು ದ್ರವವಾಗದೆ ಆವಿಯಾಗಿ ಮೇಲೇರಿ, ಆಲಿಕೆಯ ತಂಪಾದ ಒಳಮೈಯಲ್ಲಿ ಮತ್ತೆ ಘನವಾಗುತ್ತದೆ. ಇದೇ ಉತ್ಪತನ. ನವಸಾಗರವೂ ಉಪ್ಪಿನಂತೆ ನೀರಿನಲ್ಲಿ ಕರಗುವುದರಿಂದ, ನೀರು ಬೆರೆಸುವ ಮುನ್ನವೇ ಇದನ್ನು ಬೇರ್ಪಡಿಸಬೇಕು. ಅನಂತರ ನೀರು ಹಾಕಿ ಕಲಕಿ ಸೋಸಿದರೆ ಮರಳು ಸೋಸುಕಾಗದದ ಮೇಲೆ ನಿಲ್ಲುತ್ತದೆ. ಸೋಸಿದ ನೀರನ್ನು ಇಂಗಿಸಿದಾಗ ಉಪ್ಪು ಉಳಿಯುತ್ತದೆ.

ಈಗ ಸಾಸಿವೆಯ ಪ್ರಶ್ನೆಗೆ ಮರಳೋಣ. ಆರ್ಜಿಮೋನ್ ಬೀಜವು ಗಾತ್ರದಲ್ಲಿಯೂ ಬಣ್ಣದಲ್ಲಿಯೂ ಕಪ್ಪು ಸಾಸಿವೆಯನ್ನು ಹೋಲುವುದರಿಂದ ಜರಡಿಯನ್ನು ನೆಚ್ಚುವಂತಿಲ್ಲ. ಆದರೆ ಸಾಸಿವೆಯ ಮೈ ನುಣುಪು, ಇದರ ಮೈ ಒರಟು. ಒತ್ತಿ ಒಡೆದರೆ ಸಾಸಿವೆಯ ಒಳಗು ಹಳದಿ, ಇದರದು ಬಿಳಿ. ಆದುದರಿಂದ ಬೆಳಕಿನಲ್ಲಿ ಹರಡಿ, ಕೈಯಿಂದ ಆರಿಸುವುದೇ ಇಲ್ಲಿ ಯೋಗ್ಯ ವಿಧಾನ.

ಬೀಜವು ಗಾಣಕ್ಕೆ ಹೋಗಿ ಎಣ್ಣೆಯಾದ ಮೇಲೆ ಈ ಅವಕಾಶವು ಉಳಿಯುವುದಿಲ್ಲ. ಎರಡು ಎಣ್ಣೆಗಳು ಒಂದರಲ್ಲೊಂದು ಬೆರೆತುಹೋಗುತ್ತವೆ. ಕಲಬೆರಕೆಯನ್ನು ಖಚಿತಪಡಿಸಲು ಪ್ರಯೋಗಾಲಯವೇ ಬೇಕು. ಆದಕಾರಣ ಗ್ರಾಹಕರು ಮೊಹರು ಮಾಡಿದ, ತಯಾರಕರ ವಿಳಾಸ ಹಾಗೂ ಪರವಾನಗಿ ಸಂಖ್ಯೆ ಮುದ್ರಿತವಾಗಿರುವ ಎಣ್ಣೆಯನ್ನೇ ಕೊಳ್ಳುವುದು ಕ್ಷೇಮಕರ. ಸಂಶಯ ಬಂದಲ್ಲಿ, 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮದ ಅನ್ವಯ ನೇಮಕಗೊಂಡಿರುವ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಸಲ್ಲಿಸಬಹುದು.