ಹೊಗೆಸೊಪ್ಪಿನ ಸೀಮೆಯ ಗರ್ಭಿಣಿಯರು

ಬಸುರು ವ್ಯಾಧಿಯಲ್ಲ, ಅದು ಸ್ತ್ರೀಯರಿಗೆ ಸಹಜವಾದ ಸ್ಥಿತಿ. ಹೀಗಿರಲು, ಗಟ್ಟಿಮುಟ್ಟಾಗಿರುವ ಗರ್ಭಿಣಿಯು ವೈದ್ಯರ ಬಳಿಗೆ ಏತಕ್ಕೆ ಹೋಗಬೇಕೆಂದು ಮನೆಯ ಹಿರಿಯರು ಕೇಳುವುದುಂಟು. ಇದಕ್ಕೆ ಉತ್ತರವು ಸುಲಭವಾಗಿದೆ. ಗರ್ಭಕಾಲದ ದೊಡ್ಡ ಅಪಾಯಗಳಲ್ಲಿ ಕೆಲವು ಮೊದಮೊದಲು ನೋವನ್ನಾಗಲಿ ಆಯಾಸವನ್ನಾಗಲಿ ತೋರಿಸುವುದಿಲ್ಲ. ರಕ್ತದ ಒತ್ತಡವು 140/90ಕ್ಕೆ ಏರಿದ್ದರೂ ಆಕೆಗೆ ಅರಿವಾಗದಿರಬಹುದು. ಅಳೆದು ನೋಡಿದರೆ ಮಾತ್ರ ತಿಳಿಯುವುದು. ಅಳೆಯದೆ ಬಿಟ್ಟರೆ ಮುಂದೆ ಮುಖ ಊದಿ, ತಲೆ ಸಿಡಿದು, ಕಣ್ಣು ಮಂಜಾಗಿ, ಕಡೆಗೆ ಸೆಳವು ಬಂದು, ತಾಯಿ ಮಗು ಇಬ್ಬರ ಪ್ರಾಣಕ್ಕೂ ಸಂಚಕಾರವಾಗಬಹುದು.

ಆದುದರಿಂದಲೇ ನಮ್ಮ ದೇಶದಲ್ಲಿ ಕನಿಷ್ಠಪಕ್ಷ 4 ಪರೀಕ್ಷೆಗಳನ್ನು ವಿಧಿಸಿದ್ದಾರೆ. ಮೊದಲನೆಯದು 12 ವಾರಗಳೊಳಗೆ. ಎರಡನೆಯದು 14ರಿಂದ 26ನೆಯ ವಾರದೊಳಗೆ. ಮೂರನೆಯದು 28ರಿಂದ 34ನೆಯ ವಾರದೊಳಗೆ. ನಾಲ್ಕನೆಯದು 36ನೆಯ ವಾರದ ತರುವಾಯ. ವಿಶ್ವ ಆರೋಗ್ಯ ಸಂಸ್ಥೆಯಾದರೋ 2016ರಲ್ಲಿ 8 ಪರೀಕ್ಷೆಗಳನ್ನು ಸಲಹೆ ಮಾಡಿತು. ತೂಕ, ರಕ್ತದ ಒತ್ತಡ, ರಕ್ತ, ಮೂತ್ರ, ಹೊಟ್ಟೆಯೊಳಗಿನ ಶಿಶುವಿನ ಬೆಳವಣಿಗೆ, ಇವನ್ನು ನೋಡುವುದೇ ಪರೀಕ್ಷೆಯ ಸಾರ.

ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಮೆಯಿದ್ದರೆ ಅದು ರಕ್ತಹೀನತೆ. 7ಕ್ಕಿಂತ ಇಳಿದರೆ ಆಸ್ಪತ್ರೆಯ ಚಿಕಿತ್ಸೆಯೇ ಬೇಕು. ನಾಲ್ಕನೆಯ ತಿಂಗಳಿನಿಂದ 180 ದಿನ ಕಬ್ಬಿಣದ ಗುಳಿಗೆಯನ್ನು ಕೊಡುವುದು ಇದಕ್ಕಾಗಿಯೇ. ಗುಳಿಗೆಯಿಂದ ಮಗು ಕಪ್ಪಾಗುವುದೆಂಬ ಭಯ ಹಲವರಲ್ಲಿದೆ. ಕಪ್ಪಾಗುವುದು ಮಲವೇ ಹೊರತು ಮಗುವಲ್ಲ. ಗುಳಿಗೆಯ ಜತೆಯಲ್ಲಿ ಕಾಫಿ, ಚಹ ಕುಡಿಯದಿದ್ದರೆ ಅದು ಚೆನ್ನಾಗಿ ಮೈಗೆ ಹತ್ತುವುದು.

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ವಿಷಯದಲ್ಲಿ ವಿಶೇಷವಾಗಿ ಹೇಳತಕ್ಕದ್ದೊಂದುಂಟು. ಇವು ಹೊಗೆಸೊಪ್ಪು ಬೆಳೆಯುವ ತಾಲ್ಲೂಕುಗಳು. ಸೊಪ್ಪು ಮುರಿಯುವುದು ಮಳೆಗಾಲದಲ್ಲಿ. ಹಸಿಯೆಲೆಗಳನ್ನು ಕಡ್ಡಿಗೆ ಕಟ್ಟುವ ಕೆಲಸದಲ್ಲಿ ಹೆಂಗಸರ ಕೈ ಹೆಚ್ಚು. ಒದ್ದೆಯೆಲೆಯ ನಿಕೋಟಿನ್ ಚರ್ಮದ ಮೂಲಕವೇ ರಕ್ತವನ್ನು ಸೇರಿ ಓಕರಿಕೆ, ವಾಂತಿ, ತಲೆಸುತ್ತುಗಳನ್ನುಂಟುಮಾಡುವುದು. ಬಸುರಿನಲ್ಲಿಯೂ ಇವೇ ಲಕ್ಷಣಗಳಿರುವುದರಿಂದ ವಿಷದ ಬಾಧೆಯನ್ನು ಬಸುರಿನ ಸಂಕಟವೆಂದೇ ಎಣಿಸುವ ಸಂಭವವುಂಟು. ಆದರೆ ನಿಕೋಟಿನ್ ಶಿಶುವಿಗೆ ಹರಿಯುವ ರಕ್ತವನ್ನು ಕುಗ್ಗಿಸಬಲ್ಲುದು. ಗರ್ಭಿಣಿಯು ಹಸಿಸೊಪ್ಪನ್ನು ಮುಟ್ಟದಿರುವುದೇ ಲೇಸು. ಪರೀಕ್ಷೆಗೆ ಹೋದಾಗ ತನ್ನ ಕೆಲಸವೇನೆಂಬುದನ್ನು ದಾದಿಗೆ ತಪ್ಪದೆ ತಿಳಿಸಬೇಕು.

ಹೆಗ್ಗಡದೇವನಕೋಟೆಯ ಕಡೆ ಕಾಡಂಚಿನ ಜೇನುಕುರುಬರ, ಕಾಡುಕುರುಬರ ಹಾಡಿಗಳಿಗೆ ಆಸ್ಪತ್ರೆಯ ದೂರವೇ ಒಂದು ಕಂಟಕ. 1984ರಲ್ಲಿ ಮೈಸೂರಿನ ತರುಣ ವೈದ್ಯವಿದ್ಯಾರ್ಥಿಗಳು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆಯು ಆ ಸೀಮೆಯಲ್ಲಿ ಕೆಲಸಕ್ಕೆ ತೊಡಗಿ, ಸರಗೂರಿನಲ್ಲಿ ಆಸ್ಪತ್ರೆಯನ್ನು ಸ್ಥಾಪಿಸಿತು. ಆದರೂ ರಕ್ತಸ್ರಾವವೋ ಸೆಳವೋ ಕಾಣಿಸಿದ ಮೇಲೆ ವಾಹನವನ್ನು ಹುಡುಕಹೊರಟರೆ ಕಾಲ ಮೀರುವುದು. ಅಪಾಯವನ್ನು ಮುಂಚಿತವಾಗಿ ಅರಿತು, ಹೆರಿಗೆಯ ಸ್ಥಳವನ್ನೂ ವಾಹನವನ್ನೂ ಗೊತ್ತುಮಾಡಿಕೊಳ್ಳುವುದಕ್ಕೆ ಪರೀಕ್ಷೆಯೇ ಆಧಾರ.

ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವುದು ನಮ್ಮಲ್ಲಿ ಒಳ್ಳೆಯ ಸಂಪ್ರದಾಯ. ಆದರೆ ಸೀಮಂತವಾಗಿ ಊರು ಬದಲಾದಾಗ ಪರೀಕ್ಷೆಯ ಸರಣಿಯು ಕಡಿದುಹೋಗುವ ಭಯವುಂಟು. ಸೀರೆ ಕುಪ್ಪಸಗಳ ಜತೆಯಲ್ಲಿ ತಾಯಿ ಕಾರ್ಡನ್ನೂ ಕಟ್ಟಿಕೊಡಬೇಕು. ಹೊಸ ಊರಿನ ದಾದಿಗೆ ಹಳೆಯ ತೂಕ, ಒತ್ತಡಗಳು ತಿಳಿದರೆ ತಾನೆ ಏರಿಳಿತವು ಗೊತ್ತಾಗುವುದು? 2016ರಿಂದೀಚೆಗೆ ಪ್ರತಿ ತಿಂಗಳ 9ನೆಯ ತಾರೀಖಿನಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರನ್ನು ವೈದ್ಯರು ಉಚಿತವಾಗಿ ಪರೀಕ್ಷಿಸುವ ಏರ್ಪಾಡಿದೆ.

ನಗರವಾಸಿಗಳಾದ ನಮ್ಮಲ್ಲಿ ಅನೇಕರಿಗೆ ಈ ತಾಲ್ಲೂಕುಗಳಲ್ಲಿ ಹೊಲವುಂಟು, ನಂಟರುಂಟು. ನಮ್ಮ ಹೊಲದಲ್ಲಿ ದುಡಿಯುವ ಗರ್ಭಿಣಿಗೆ ಸೊಪ್ಪಿನ ಕೆಲಸವನ್ನು ತಪ್ಪಿಸಿ ಬೇರೆ ಕೆಲಸವನ್ನು ಕೊಡುವುದು, ಪರೀಕ್ಷೆಯ ದಿನದ ಕೂಲಿಯನ್ನು ಹಿಡಿಯದಿರುವುದು, ಇವೆರಡೂ ನಮ್ಮ ಕೈಯಲ್ಲಿಯೇ ಇವೆ. ಇದನ್ನು ಈ ಹಂಗಾಮಿನಿಂದಲೇ ನಡೆಸುವೆವಾಗಿ ಹಾರೈಸುತ್ತೇವೆ.