ಕಟ್ಟಡದ ಕೆಲಸ, ಕಾರ್ಮಿಕರ ಜೀವ: ಗುತ್ತಿಗೆದಾರರ ಏಳು ತಪ್ಪು ಕಲ್ಪನೆಗಳು

2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಬಹುಮಹಡಿ ಕಟ್ಟಡ ಕುಸಿದು 19 ಜನ ಸತ್ತರು. 2023ರ ಜನವರಿಯಲ್ಲಿ ಬೆಂಗಳೂರಿನ ನಾಗವಾರದ ಬಳಿ ಮೆಟ್ರೊ ಕಂಬಕ್ಕೆಂದು ನಿಲ್ಲಿಸಿದ್ದ ಕಬ್ಬಿಣದ ಚೌಕಟ್ಟು ರಸ್ತೆಗೆ ಉರುಳಿತು. ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದ ತಾಯಿ ಮತ್ತು ಮಗು ಪ್ರಾಣ ಬಿಟ್ಟರು. 2024ರ ಅಕ್ಟೋಬರ್ ಮಳೆಯಲ್ಲಿ ಬಾಬುಸಾಪಾಳ್ಯದ ಕಟ್ಟಡ ಕೂಲಿಕಾರರ ಮೇಲೆಯೇ ಬಿತ್ತು. ಇವೆಲ್ಲ ಮುಖಪುಟಕ್ಕೆ ಬಂದವು. ಸಾರುವೆಯಿಂದ ಜಾರಿ, ಲಿಫ್ಟಿನ ಗುಂಡಿಗೆ ಬಿದ್ದು, ಕರೆಂಟು ಹೊಡೆದು ಒಬ್ಬೊಬ್ಬರಾಗಿ ಸಾಯುವವರ ಸುದ್ದಿ ಎಷ್ಟೋ ಸಲ ಸೈಟಿನ ಗೇಟು ದಾಟುವುದಿಲ್ಲ.

ಕಾನೂನು ಇಲ್ಲವೆಂದಲ್ಲ. 1996ರ ಕಟ್ಟಡ ಕಾರ್ಮಿಕರ ಕೇಂದ್ರ ಕಾಯ್ದೆ, ಅದರಡಿ 2006ರ ಕರ್ನಾಟಕ ನಿಯಮಗಳು ನಮ್ಮಲ್ಲಿದ್ದವು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಬಂದಿದೆ. ರಾಜ್ಯದ ಹೊಸ ನಿಯಮಗಳು ಜಾರಿಯಾಗುವ ತನಕ ಹಳೆಯವು ಸಂಹಿತೆಗೆ ವಿರುದ್ಧವಾಗದ ಮಟ್ಟಿಗೆ ನಡೆಯುತ್ತವೆ. ಆದರೆ ಸೈಟುಗಳಲ್ಲಿ ಓಡಾಡುವ ಕೆಲವು ಮಾತುಗಳು ಹೊಣೆಯನ್ನು ಮೇಲಿನಿಂದ ಕೆಳಕ್ಕೆ ದಾಟಿಸುತ್ತಲೇ ಇವೆ. ಅವನ್ನು ಒಂದೊಂದಾಗಿ ನೋಡೋಣ.

1. ತಪ್ಪು ಕಲ್ಪನೆ: ಈ ಕಾನೂನೆಲ್ಲ ದೊಡ್ಡ ಬಿಲ್ಡರುಗಳಿಗೆ, ನಮ್ಮಂಥವರಿಗಲ್ಲ.

ವಾಸ್ತವ: ಹತ್ತು ಜನ ಕೆಲಸಗಾರರಿದ್ದರೆ ಸಾಕು, ಸಂಹಿತೆ ಅನ್ವಯಿಸುತ್ತದೆ. ಅರವತ್ತು ದಿನಗಳೊಳಗೆ ನೋಂದಣಿ ಆಗಬೇಕು. ಗಾರೆಯವರು, ಬಾರ್ ಬೆಂಡಿಂಗ್‌ನವರು, ಸೆಂಟ್ರಿಂಗ್‌ನವರನ್ನು ಸೇರಿಸಿ ಎಣಿಸಿದರೆ ಮೂರು ಮಹಡಿಯ ಬಾಡಿಗೆ ಮನೆಯ ಕೆಲಸವೂ ಸುಲಭವಾಗಿ ಈ ಲೆಕ್ಕಕ್ಕೆ ಬರುತ್ತದೆ. ತಾವೇ ವಾಸಿಸಲು ಕಟ್ಟಿಸಿಕೊಳ್ಳುವ ಮನೆಯ ವೆಚ್ಚ 50 ಲಕ್ಷ ರೂಪಾಯಿ ಮೀರದಿದ್ದರೆ ಮಾತ್ರ ವಿನಾಯಿತಿ. 250 ಕಾರ್ಮಿಕರಿದ್ದಲ್ಲಿ ಸುರಕ್ಷತಾ ಅಧಿಕಾರಿಯನ್ನು ನೇಮಿಸಲೇಬೇಕು. ಅದಕ್ಕಿಂತ ಕಡಿಮೆ ಇದ್ದಲ್ಲಿ ಆ ಕೆಲಸ ಗುತ್ತಿಗೆದಾರನ ಪಾಲಿಗೇ ಉಳಿಯುತ್ತದೆ. ಸಂಹಿತೆಯಿಂದ ಹೊರಗುಳಿದ ಸಣ್ಣ ಕೆಲಸದಲ್ಲಿ ಯಾರಾದರೂ ಸತ್ತರೂ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಇದೆ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದವರಿಗೆ ಅದರಡಿ ಐದು ವರ್ಷಗಳವರೆಗೆ ಜೈಲು ಆಗಬಹುದು.

2. ತಪ್ಪು ಕಲ್ಪನೆ: ಸೆಸ್ ಕಟ್ಟಿದ್ದೇವೆ, ಎಲ್ಲರಿಗೂ ಲೇಬರ್ ಕಾರ್ಡ್ ಇದೆ. ಅಲ್ಲಿಗೆ ನಮ್ಮ ಕರ್ತವ್ಯ ಮುಗಿಯಿತು.

ವಾಸ್ತವ: ನಿರ್ಮಾಣ ವೆಚ್ಚದ ಶೇ 1ರಷ್ಟು ಸೆಸ್ ಹೋಗುವುದು ಕಾರ್ಮಿಕರ ಕಲ್ಯಾಣ ಮಂಡಳಿಗೆ. ಕಾರ್ಡ್ ಇದ್ದವರಿಗೆ ಅದರಿಂದ ಸಹಾಯಧನ ಸಿಗುತ್ತದೆ. ಇವೆರಡೂ ಬೇಕು. ಆದರೆ ಮೂರನೇ ಮಹಡಿಯ ಅಂಚಿಗೆ ಕಟಾಂಜನ ಹಾಕುವ ಕೆಲಸ ಮಂಡಳಿಯದಲ್ಲ. ಸೆಸ್ ರಸೀದಿ ತೋರಿಸಿ ಸುರಕ್ಷತೆಯ ಲೋಪ ಮುಚ್ಚಲಾಗದು.

3. ತಪ್ಪು ಕಲ್ಪನೆ: ತುಂಡು ಗುತ್ತಿಗೆ ಕೊಟ್ಟ ಮೇಲೆ ಜವಾಬ್ದಾರಿ ಮೇಸ್ತ್ರಿಯದು.

ವಾಸ್ತವ: ಅತಿ ಹೆಚ್ಚು ಕೇಳಿಬರುವ ಮಾತು ಇದು, ಅತಿ ಹೆಚ್ಚು ಅಪಾಯ ತರುವುದೂ ಇದೇ. ಮುಖ್ಯ ಗುತ್ತಿಗೆದಾರ ತನ್ನ ಕೆಲಸವನ್ನು ಇನ್ನೊಬ್ಬರಿಗೆ ವಹಿಸಿದರೂ ಗಾಯಾಳುವಿಗೆ ಪರಿಹಾರ ಕೊಡುವ ಹೊಣೆ ಅವನ ಮೇಲೆ ಬರುತ್ತದೆ. ಆಮೇಲೆ ಆ ಹಣವನ್ನು ಒಳಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳುವುದು ಅವರಿಬ್ಬರ ನಡುವಿನ ವ್ಯವಹಾರ. ಕಾರ್ಮಿಕ ಅದಕ್ಕಾಗಿ ಕಾಯಬೇಕಿಲ್ಲ.

ಇದರ ಹಿಂದೆ ಸೈಟಿನ ವಾಸ್ತವವೇ ಇದೆ. ಸಾರುವೆ ಕಟ್ಟುವವರು ಒಂದು ತಂಡ. ಅದರ ಮೇಲೆ ನಿಂತು ಪ್ಲಾಸ್ಟರಿಂಗ್ ಮಾಡುವವರು ಇನ್ನೊಂದು ತಂಡ. ಪೈಪು ಹಾಕಲು ಅಡ್ಡಬಂದ ಕಂಬ ಬಿಚ್ಚುವ ಪ್ಲಂಬರ್ ಮೂರನೆಯವನು. ವಾರದ ಬಳಿಕ ಅದೇ ಸಾರುವೆ ಏರುವ ಪೇಂಟರ್‌ಗೆ ಯಾವ ಕಂಬ ಬಿಚ್ಚಿದೆ ಎಂಬುದು ಗೊತ್ತಿರುವುದಿಲ್ಲ. ಈ ಎಲ್ಲ ತಂಡಗಳನ್ನೂ ಬಲ್ಲವನು, ಯಾವುದು ಮೊದಲು ಯಾವುದು ಆಮೇಲೆ ಎಂದು ನಿರ್ಧರಿಸುವವನು ಮುಖ್ಯ ಗುತ್ತಿಗೆದಾರನೊಬ್ಬನೇ. ಚದರಡಿ ಲೆಕ್ಕದಲ್ಲಿ ದರ ಒಪ್ಪಿಕೊಂಡ ಮೇಸ್ತ್ರಿಗೆ ಸಾರುವೆಯ ಹಲಗೆ ಕೊಳ್ಳುವ ಹಣವೂ ಇರುವುದಿಲ್ಲ, ಕೆಲಸ ನಿಲ್ಲಿಸುವ ಅಧಿಕಾರವೂ ಇರುವುದಿಲ್ಲ.

4. ತಪ್ಪು ಕಲ್ಪನೆ: ಹೆಲ್ಮೆಟ್ ಕೊಟ್ಟರೆ ಸುರಕ್ಷತೆ ಆದಂತೆ.

ವಾಸ್ತವ: ಮೇಲಿನಿಂದ ಇಟ್ಟಿಗೆ ಬಿದ್ದರೆ ಹೆಲ್ಮೆಟ್ ತಲೆ ಕಾಯುತ್ತದೆ. ನಾಲ್ಕನೇ ಮಹಡಿಯಿಂದ ಮನುಷ್ಯನೇ ಬಿದ್ದರೆ ಅದರಿಂದ ಏನೂ ಆಗುವುದಿಲ್ಲ. ಆದ್ದರಿಂದ ಮೊದಲು ಬೀಳದಂತೆ ತಡೆಯಬೇಕು. ತೆರೆದ ಅಂಚಿಗೆ ಕಟಾಂಜನ, ಲಿಫ್ಟಿನ ಗುಂಡಿಗೆ ಗಟ್ಟಿ ತಡೆ, ಸ್ಲ್ಯಾಬಿನ ರಂಧ್ರಕ್ಕೆ ಸರಿಯದ ಮುಚ್ಚಳ, ಸಾರುವೆಗೆ ಪೂರ್ತಿ ಅಗಲದ ಹಲಗೆ. ಇವು ಸಾಧ್ಯವೇ ಇಲ್ಲದ ಕಡೆ ಬಲೆ ಮತ್ತು ಇಡೀ ಮೈಗೆ ತೊಡುವ ಹಾರ್ನೆಸ್. ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟು ಬಿದ್ದವನ ಹೊಟ್ಟೆ, ಬೆನ್ನೆಲುಬಿಗೆ ಪೆಟ್ಟು ಕೊಡುತ್ತದೆ. ಹಾರ್ನೆಸ್‌ನ ಕೊಂಡಿಯನ್ನು ಅಲುಗಾಡುವ ಸಾರುವೆ ಕಂಬಕ್ಕೆ ಸಿಕ್ಕಿಸಿದರೆ ಅದು ಇದ್ದೂ ಇಲ್ಲದಂತೆ.

ಹೆಲ್ಮೆಟ್ ಬೇಡವೆಂದು ಇದರರ್ಥವಲ್ಲ. ಐಎಸ್ 2925 ಮಾನದಂಡದ, ಐಎಸ್‌ಐ ಗುರುತಿನ ಹೆಲ್ಮೆಟ್ ಪ್ರತಿಯೊಬ್ಬರಿಗೂ ಬೇಕು. ಅದರ ಹಣವನ್ನು ಕೂಲಿಯಲ್ಲಿ ಮುರಿದುಕೊಳ್ಳುವಂತಿಲ್ಲ. ಸುರಕ್ಷತೆ ಮತ್ತು ಆರೋಗ್ಯಕ್ಕಾಗಿ ಒದಗಿಸುವ ಯಾವುದಕ್ಕೂ ಕಾರ್ಮಿಕರಿಂದ ಹಣ ಪಡೆಯಬಾರದೆಂದು ಸಂಹಿತೆ ಸ್ಪಷ್ಟವಾಗಿ ಹೇಳಿದೆ.

5. ತಪ್ಪು ಕಲ್ಪನೆ: ಆಳುದ್ದದ ಗುಂಡಿ ತಾನೇ, ಅದಕ್ಕೇನು ಭದ್ರತೆ?

ವಾಸ್ತವ: ಒಂದು ಘನ ಮೀಟರ್ ಹಸಿ ಮಣ್ಣು ಒಂದೂವರೆ ಟನ್ನಿಗೂ ಹೆಚ್ಚು ತೂಗುತ್ತದೆ. ಎದೆಮಟ್ಟ ಹೂತವನ ತಲೆ ಹೊರಗಿದ್ದರೂ ಎದೆಗೂಡು ಅಗಲಿಸಲಾಗದೆ ಉಸಿರು ಕಟ್ಟುತ್ತದೆ. ಅಗೆತದ ಭಾರತೀಯ ಸುರಕ್ಷತಾ ಸಂಹಿತೆ ಐಎಸ್ 3764ರ ಪ್ರಕಾರ ಒಂದೂವರೆ ಮೀಟರ್‌ಗಿಂತ ಆಳದ ಕಂದಕದ ಗೋಡೆಗೆ ಆಸರೆ ಕೊಡಬೇಕು ಅಥವಾ ಅದನ್ನು ಇಳಿಜಾರಾಗಿ ಕಡಿಯಬೇಕು. ತೆಗೆದ ಮಣ್ಣನ್ನು ಅಂಚಿನಲ್ಲೇ ರಾಶಿ ಹಾಕಬಾರದು. ಏಣಿ ಇರಬೇಕು. ರಾತ್ರಿ ಮಳೆ ಬಂದಿದ್ದರೆ ಬೆಳಿಗ್ಗೆ ಗೋಡೆಗಳನ್ನು ನೋಡದೆ ಯಾರನ್ನೂ ಇಳಿಸಬಾರದು.

6. ತಪ್ಪು ಕಲ್ಪನೆ: ಅವನೇ ಹೆಲ್ಮೆಟ್ ಹಾಕಿರಲಿಲ್ಲ, ಕುಡಿದಿದ್ದ. ಹಾಗಾಗಿ ಪರಿಹಾರ ಕೊಡಬೇಕಿಲ್ಲ.

ವಾಸ್ತವ: ಸಾವು ಅಥವಾ ಶಾಶ್ವತ ಪೂರ್ಣ ಅಂಗವಿಕಲತೆ ಆಗಿದ್ದರೆ ಈ ವಾದಕ್ಕೆ ಪರಿಹಾರದ ಕಾನೂನಿನಲ್ಲಿ ಬೆಲೆಯಿಲ್ಲ. ಸತ್ತವನ ತಪ್ಪು ತೋರಿಸಿ ಅವನ ಹೆಂಡತಿ ಮಕ್ಕಳ ಹಕ್ಕು ಕಿತ್ತುಕೊಳ್ಳಲಾಗದು. ಕಾರ್ಮಿಕನಿಗೂ ಎಚ್ಚರದಿಂದಿರುವ ಕರ್ತವ್ಯವಿದೆ, ನಿಜ. ಆದರೆ ಯಾದಗಿರಿಯಿಂದಲೋ ಬಿಹಾರದಿಂದಲೋ ಗುಳೆ ಬಂದು ನಿನ್ನೆಯಷ್ಟೇ ಕೆಲಸಕ್ಕೆ ಸೇರಿದವನಿಗೆ ಅವನ ಭಾಷೆಯಲ್ಲಿ ಅಪಾಯ ತಿಳಿಸಿಕೊಡುವ ಕರ್ತವ್ಯ ಅದಕ್ಕಿಂತ ಮೊದಲು ಬರುತ್ತದೆ.

7. ತಪ್ಪು ಕಲ್ಪನೆ: ಮನೆಯವರಿಗೆ ಒಂದಿಷ್ಟು ದುಡ್ಡು ಕೊಟ್ಟು ಒಳಗೊಳಗೇ ಮುಗಿಸಬಹುದು.

ವಾಸ್ತವ: ಸಾವು ಸಂಭವಿಸಿದರೆ, ಅಥವಾ ಗಾಯಗೊಂಡವರು 48 ಗಂಟೆ ಇಲ್ಲವೇ ಹೆಚ್ಚು ಕಾಲ ಕೆಲಸಕ್ಕೆ ಬರಲಾಗದಿದ್ದರೆ ಅಧಿಕಾರಿಗಳಿಗೆ ತಿಳಿಸುವುದು ಕಡ್ಡಾಯ. ಮರಣದ ಪರಿಹಾರವನ್ನು ಸಕ್ಷಮ ಪ್ರಾಧಿಕಾರದ ಬಳಿ ಠೇವಣಿ ಇಡಬೇಕು. ನೇರವಾಗಿ ಕೈಗಿತ್ತ ಹಣ ಪರಿಹಾರವೆಂದು ಪರಿಗಣನೆಯಾಗುವುದಿಲ್ಲ. ಕರ್ತವ್ಯ ಲೋಪದಿಂದ ಸಾವು ಆಗಿದ್ದರೆ ಎರಡು ವರ್ಷಗಳವರೆಗೆ ಜೈಲು, ಅಥವಾ ಕನಿಷ್ಠ 5 ಲಕ್ಷ ರೂಪಾಯಿ ದಂಡ, ಅಥವಾ ಎರಡೂ. ಆ ದಂಡದಲ್ಲಿ ಕನಿಷ್ಠ ಅರ್ಧದಷ್ಟನ್ನು ವಾರಸುದಾರರಿಗೆ ಕೊಡಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ.

ಗುತ್ತಿಗೆದಾರರೇ, ನಾಳೆ ಕೆಲಸ ಶುರುವಾಗುವ ಮೊದಲು ನಿಮ್ಮ ಸೈಟನ್ನು ಒಮ್ಮೆ ಸುತ್ತಿ ಬನ್ನಿ. ತೆರೆದ ಅಂಚು, ಲಿಫ್ಟಿನ ಗುಂಡಿ, ಸಾರುವೆಯ ಕಟ್ಟು, ಪಾಯದ ಗೋಡೆ, ನೆಲದ ಮೇಲೆ ಹರಿದಾಡುವ ತಂತಿಗಳನ್ನು ನಿಮ್ಮ ಕಣ್ಣಿನಿಂದಲೇ ನೋಡಿ. ಸರಿಯಿಲ್ಲದ ಕಡೆ, ಸರಿಯಾಗುವವರೆಗೆ ಕೆಲಸ ನಿಲ್ಲಿಸಿ. ಸೈಟಿನಲ್ಲಿ ಹಾಗೆ ನಿಲ್ಲಿಸಬಲ್ಲ ಅಧಿಕಾರ ನಿಮಗಿದೆ, ಹೊಣೆಯೂ ನಿಮ್ಮದೇ.